ಹೆರಿಗೆ ಹೊತ್ತಿಗೆ ಚಿಕುನ್‌ಗುನ್ಯಾ: ಕೂಸಿನ ಮಿದುಳಿಗೆ ಏನಾಗುತ್ತದೆ?

ಪ್ರಶ್ನೆ: ಹೆರಿಗೆಯ ಹಿಂದಿನ ದಿನ ನನಗೆ ವಿಪರೀತ ಜ್ವರ, ಕೀಲುನೋವು ಬಂದಿತ್ತು. ಮಗು ಹುಟ್ಟಿದಾಗ ಚೆನ್ನಾಗಿಯೇ ಅತ್ತು ಹಾಲು ಕುಡಿಯಿತು. ಐದನೇ ದಿನ ಮೈ ಕಾದು, ಹಾಲು ಬಿಟ್ಟು, ಫಿಟ್ಸ್ ಬಂತು. ಚಿಕುನ್‌ಗುನ್ಯಾ ಮಿದುಳಿಗೆ ತಗುಲಿದೆ ಎಂದು ಎರಡು ವಾರ ಐಸಿಯುನಲ್ಲಿ ಇಟ್ಟುಕೊಂಡರು. ಈಗ ಮೂರು ತಿಂಗಳು. ಮೂಗಿನ ಮೇಲೆ ಇನ್ನೂ ಕಪ್ಪಿದೆ. ನನ್ನ ಹಾಲಿನಿಂದಲೇ ಹೀಗಾಯಿತೆಂದು ಮನೆಯಲ್ಲಿ ಅನ್ನುತ್ತಾರೆ. ಸಿಸೇರಿಯನ್ ಮಾಡಿಸಿದ್ದರೆ ತಪ್ಪುತ್ತಿತ್ತೇ? ಮಗು ಸರಿಹೋಗುತ್ತದೆಯೇ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಮೊದಲು ಹಾಲಿನ ಮಾತು. ಎದೆಹಾಲಿನಿಂದ ಚಿಕುನ್‌ಗುನ್ಯಾ ಹರಡುತ್ತದೆ ಎನ್ನಲು ಆಧಾರವಿಲ್ಲ. ಧೈರ್ಯವಾಗಿ ಕುಡಿಸಿ, ಈ ಉತ್ತರವನ್ನು ಮನೆಯವರಿಗೂ ಓದಿ ಹೇಳಿ. ನಿಮ್ಮ ಕಡೆಯಿಂದ ಯಾವ ತಪ್ಪೂ ಆಗಿಲ್ಲ.

ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದಲ್ಲಿ ವೈರಸ್ ತುಂಬಿದ್ದರೆ ಅದು ಮಗುವಿಗೆ ದಾಟಬಲ್ಲದು. ಗರ್ಭದ ಮೊದಲ ತಿಂಗಳುಗಳಲ್ಲಿ ಬಂದು ಹೋದ ಜ್ವರದಿಂದ ಇಂಥ ಅಪಾಯ ತೀರಾ ಕಡಿಮೆ. 2005–06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಈ ಕಾಯಿಲೆ ಹಬ್ಬಿದಾಗ ವೈದ್ಯರು ಇದನ್ನು ಸ್ಪಷ್ಟವಾಗಿ ಗುರುತಿಸಿದರು. ಹೆರಿಗೆ ವೇಳೆಗೆ ರಕ್ತದಲ್ಲಿ ವೈರಸ್ ಇದ್ದ ತಾಯಂದಿರ ಪೈಕಿ ಸುಮಾರು ಅರ್ಧದಷ್ಟು ಮಂದಿಯ ಶಿಶುಗಳಿಗೆ ಸೋಂಕು ತಗುಲಿತ್ತು. ಸಿಸೇರಿಯನ್ ಆದವರ ಮಕ್ಕಳೂ ಪಾರಾಗಲಿಲ್ಲ. ಹಾಗಾಗಿ ಆ ಕೊರಗನ್ನೂ ಬಿಟ್ಟುಬಿಡಿ.

ಈ ಮಕ್ಕಳು ಹುಟ್ಟುವಾಗ ಆರೋಗ್ಯವಾಗಿಯೇ ಇರುತ್ತಾರೆ. ಮೂರರಿಂದ ಏಳನೇ ದಿನದೊಳಗೆ ಜ್ವರ ಬರುತ್ತದೆ, ಕೂಸು ಮಂಕಾಗುತ್ತದೆ, ಮೊಲೆ ಹಿಡಿಯುವುದಿಲ್ಲ, ಪಾದ ಊದಿಕೊಳ್ಳುತ್ತದೆ, ಎತ್ತಿಕೊಂಡರೆ ನೋವಿಗೆ ಚೀರುತ್ತದೆ. ಕೆಲವರಿಗೆ ಮಿದುಳು ಊದಿ ಫಿಟ್ಸ್ ಬರುತ್ತದೆ. ಮೂಗಿನ ಕಪ್ಪು ಈ ಸೋಂಕಿನ ಗುರುತೇ. ನಿಧಾನಕ್ಕೆ ತಿಳಿಯಾಗುತ್ತದೆ, ಏನೂ ಹಚ್ಚಬೇಡಿ. ವೈರಸ್ ಕೊಲ್ಲುವ ಔಷಧಿ ಇದಕ್ಕಿಲ್ಲ. ಫಿಟ್ಸ್ ತಡೆದು, ಉಸಿರಾಟ, ಸಕ್ಕರೆ ಅಂಶ ಕಾಯ್ದುಕೊಂಡು ಮಗುವನ್ನು ದಾಟಿಸುವುದೇ ಚಿಕಿತ್ಸೆ.

ಇನ್ನು ಮುಂದಿನ ಮಾತು. ರಿಯೂನಿಯನ್‌ನಲ್ಲಿ ಸೋಂಕು ತಗುಲಿದ ಮಕ್ಕಳನ್ನು ಎರಡು ವರ್ಷದ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಮಕ್ಕಳ ಬೆಳವಣಿಗೆ ಹಿಂದುಳಿದಿತ್ತು. ಫಿಟ್ಸ್, ಮಿದುಳು ಊತ ಕಂಡ ಮಕ್ಕಳಲ್ಲಿ ಇನ್ನೂ ಹೆಚ್ಚು. ನಿಮ್ಮ ಮಗು ಯಾವ ಕಡೆಗೆ ಸೇರುತ್ತದೆಂದು ಇವತ್ತೇ ಹೇಳಲಾಗದು. ಆದರೆ ‘ದೊಡ್ಡದಾದ ಮೇಲೆ ತಾನೇ ಸರಿಹೋಗುತ್ತೆ’ ಎಂದು ಕಾಯುವುದನ್ನು ನಾನು ಒಪ್ಪಲಾರೆ. ಮಗು ನಿಮ್ಮ ಮುಖ ನೋಡಿ ನಗುತ್ತದೆಯೇ? ಕತ್ತು ನಿಲ್ಲುತ್ತಾ ಬಂದಿದೆಯೇ? ಸ್ನಾನ ಮಾಡಿಸುವಾಗ ಕೈಕಾಲು ಬಿಗಿದುಕೊಳ್ಳುತ್ತದೆಯೇ, ಹೆಬ್ಬೆರಳು ಸದಾ ಮುಷ್ಟಿಯೊಳಗೇ ಇರುತ್ತದೆಯೇ? ಇವನ್ನು ನಿಮ್ಮಷ್ಟು ಹತ್ತಿರದಿಂದ ಯಾವ ಡಾಕ್ಟರೂ ನೋಡಲಾರರು. ಕಂಡದ್ದನ್ನು ಬರೆದಿಡಿ. ತಿಂಗಳಿಗೊಮ್ಮೆ ತಲೆಯ ಸುತ್ತಳತೆ ಅಳೆಸಿ. ಕಿವಿ, ಕಣ್ಣು ಪರೀಕ್ಷೆ ಈಗಲೇ ಆಗಬೇಕು.

ಫಿಟ್ಸ್ ಬಂತೆಂದು ಬಾಲಗ್ರಹದ ಬರೆ ಹಾಕಿಸಲು ದಯವಿಟ್ಟು ಒಪ್ಪಬೇಡಿ. ಸುಟ್ಟ ಗಾಯ ಕೀವಾಗಿ ಜೀವಕ್ಕೇ ಕುತ್ತು ತಂದೀತು.

ತುಂಬು ಗರ್ಭಿಣಿಯರಿಗೂ ಒಂದು ಮಾತು: ಹೆರಿಗೆಯ ಆಸುಪಾಸಿನಲ್ಲಿ ಜ್ವರ, ಕೀಲುನೋವು ಬಂದರೆ ಆಸ್ಪತ್ರೆಯವರಿಗೆ ತಪ್ಪದೆ ತಿಳಿಸಿ, ಕೂಸನ್ನು ಒಂದು ವಾರ ವೈದ್ಯರ ಕಣ್ಣಳತೆಯಲ್ಲೇ ಇರಿಸಿ. ಚಿಕುನ್‌ಗುನ್ಯಾ ಹರಡುವ ಸೊಳ್ಳೆ ಹಗಲಲ್ಲಿ ಕಚ್ಚುವಂಥದು. ಮಧ್ಯಾಹ್ನ ಮಲಗುವಾಗಲೂ ಪರದೆ ಬೇಕು.

ನೀವು ಡಿಸ್ಚಾರ್ಜ್ ಚೀಟಿ, ಎಂಆರ್‌ಐ ಮಾಡಿಸಿದ್ದರೆ ಅದರ ಫಿಲ್ಮ್ ತೆಗೆದುಕೊಂಡು ಜಿಲ್ಲಾಸ್ಪತ್ರೆಗೆ ಹೋಗಿ, ಮಕ್ಕಳ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಎಲ್ಲಿದೆಯೆಂದು ಕೇಳಿ. ಫಿಸಿಯೋಥೆರಪಿ ಉಚಿತವಾಗಿ ಸಿಗುತ್ತದೆ, ಮನೆಯಲ್ಲಿ ಮಾಡಿಸುವ ವ್ಯಾಯಾಮವನ್ನೂ ಕಲಿಸುತ್ತಾರೆ. ಫಿಟ್ಸ್ ಔಷಧಿಯನ್ನು ಮಾತ್ರ ವೈದ್ಯರು ಹೇಳುವವರೆಗೆ ಒಂದು ಹೊತ್ತೂ ತಪ್ಪಿಸಬೇಡಿ.