ಮಸ್ಕಿಯ ಗುಡ್ಡದ ಬಂಡೆಗಳನ್ನು ಪೇರಿಸಿದವರಾರು?

ರಜೆಯ ದಿನಗಳಲ್ಲಿ ಮನೆಮಂದಿಯೆಲ್ಲ ಕೂಡಿ ಗುಡ್ಡ ಹತ್ತುವುದು ದೇಹಕ್ಕೂ ಹಿತ, ಬುದ್ಧಿಗೂ ಹಿತ. ಅದಕ್ಕಾಗಿ ಮಲೆನಾಡಿಗೇ ಹೋಗಬೇಕೆಂದಿಲ್ಲ. ರಾಯಚೂರು ಜಿಲ್ಲೆಯಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿ ಎಂಬ ಊರಿದೆ. ಅಲ್ಲಿನ ಗುಡ್ಡವನ್ನು ನೋಡಲು ನಾವು ಚಳಿಗಾಲದ ಒಂದು ಬೆಳಗ್ಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ಸಾಕಷ್ಟು ನೀರನ್ನು ಕಟ್ಟಿಕೊಂಡು ಹೊರಟೆವು.

ಮುಳ್ಳುಗಿಡಗಳ ಕುರುಚಲು ಕಾಡಿನ ನಡುವೆ ಕಾಲುದಾರಿ ಮೇಲೇರುತ್ತದೆ. ಇಕ್ಕೆಲದಲ್ಲಿಯೂ ಆನೆಗಾತ್ರದ ಉರುಟು ಬಂಡೆಗಳು ಒಂದರ ಮೇಲೊಂದು ಕುಳಿತಿವೆ. ನಮ್ಮೊಡನಿದ್ದ ಎಂಟು ವರ್ಷದ ಹುಡುಗ ನಿಂತು ಕೇಳಿದನು: “ಅಜ್ಜಾ, ಈ ಕಲ್ಲು ಒಂದರ ಮ್ಯಾಲೊಂದು ಯಾರು ಇಟ್ಟಾರ?”

“ಭೀಮಸೇನ ಇಟ್ಟಾನಂತ ನಮ್ಮಜ್ಜ ಹೇಳ್ತಿದ್ದ” ಎಂದರು ಹಿರಿಯರು.

ವಿಜ್ಞಾನದ ಉತ್ತರ ಇದಕ್ಕಿಂತ ವಿಚಿತ್ರವಾದುದು. ಈ ಬಂಡೆಗಳನ್ನು ಯಾರೂ ತಂದಿಟ್ಟಿಲ್ಲ. ಸುತ್ತಲಿನ ಕಲ್ಲು ಹೋಯಿತು, ಇವು ಉಳಿದವು, ಅಷ್ಟೆ.

ಗ್ರಾನೈಟ್ ಎಂಬುದು ಭೂಮಿಯ ಆಳದಲ್ಲಿ ಶಿಲಾರಸವು ಮೆಲ್ಲಮೆಲ್ಲನೆ ತಣಿದು ಹುಟ್ಟಿದ ಕಲ್ಲು. ಈ ಸೀಮೆಯ ಗ್ರಾನೈಟು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಮೇಲಿನ ಪದರಗಳು ಸವೆದು ಹೋದಂತೆ ಅದರ ಮೇಲಿನ ಭಾರ ಇಳಿಯಿತು. ಕಲ್ಲಿನಲ್ಲಿ ಅಡ್ಡಲಾಗಿಯೂ ಉದ್ದಲಾಗಿಯೂ ಬಿರುಕುಗಳು ಮೂಡಿದವು. ಇಡೀ ಶಿಲೆಯು ದೊಡ್ಡ ಇಟ್ಟಿಗೆಗಳ ಗೋಡೆಯಂತಾಯಿತು. ಇದೆಲ್ಲ ನಡೆದುದು ನೆಲದೊಳಗೆ.

ಬಳಿಕ ಆ ಬಿರುಕುಗಳಲ್ಲಿ ಮಳೆನೀರು ಇಳಿಯಿತು. ಗ್ರಾನೈಟಿನಲ್ಲಿ ಮುಖ್ಯವಾಗಿ ಮೂರು ಖನಿಜಗಳಿವೆ: ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಕಾಗೆಬಂಗಾರವೆಂದು ನಾವು ಕರೆಯುವ ಅಭ್ರಕ. ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗಿರುತ್ತದೆ. ಅದು ಫೆಲ್ಡ್‌ಸ್ಪಾರನ್ನು ಮೆತ್ತನೆಯ ಜೇಡಿಯಾಗಿ ಮಾರ್ಪಡಿಸುತ್ತದೆ. ಬೆಣಚು ಮಾತ್ರ ಜಗ್ಗದೆ ಮರಳಾಗಿ ಉದುರುತ್ತದೆ.

ಚೌಕನೆಯ ತುಂಡುಗಳು ಉರುಟಾದುದೇಕೆ? ತುಂಡಿನ ಮುಖದ ಮೇಲೆ ನೀರು ಒಂದೇ ದಿಕ್ಕಿನಿಂದ ಆಕ್ರಮಿಸುತ್ತದೆ; ಅಂಚಿನ ಮೇಲೆ ಎರಡು ದಿಕ್ಕಿನಿಂದ; ಮೂಲೆಯ ಮೇಲೆ ಮೂರು ದಿಕ್ಕಿನಿಂದ. ಆದುದರಿಂದ ಮೊದಲು ಮೂಲೆಗಳು, ಅನಂತರ ಅಂಚುಗಳು ಕರಗುತ್ತವೆ. ಬೆಲ್ಲದ ಚೌಕನೆಯ ಅಚ್ಚೊಂದನ್ನು ಸ್ವಲ್ಪ ಹೊತ್ತು ನೀರಿನಲ್ಲಿರಿಸಿ ತೆಗೆದು ನೋಡಿರಿ. ಇದು ಮನೆಯಲ್ಲಿಯೇ ತಿಳಿಯುತ್ತದೆ. ಬಿರುಕುಗಳು ಒತ್ತಾಗಿದ್ದಷ್ಟೂ ಸವೆತ ಹೆಚ್ಚು. ಒಂದು ಘನಮೀಟರಿನ ಚೌಕ ತುಂಡಿಗೆ 6 ಚದರ ಮೀಟರು ಮೈಯಿದ್ದರೆ, ಅದನ್ನೇ 8 ಸಮ ಚೌಕಗಳಾಗಿ ಸೀಳಿದಾಗ 12 ಚದರ ಮೀಟರಾಗುತ್ತದೆ. ಹೀಗಾಗಿ ಬಿರುಕು ದಟ್ಟವಾಗಿದ್ದ ಕಲ್ಲು ಮಣ್ಣಾಯಿತು. ವಿರಳವಾಗಿದ್ದೆಡೆ ಗಟ್ಟಿ ತಿರುಳು ಉಳಿಯಿತು. ಮಳೆಯು ಜೇಡಿಯನ್ನೂ ಮರಳನ್ನೂ ಹಳ್ಳಕ್ಕೆ ಕೊಚ್ಚಿಕೊಂಡು ಹೋದಾಗ ಈ ತಿರುಳುಗಳು ಇದ್ದಲ್ಲೇ ಒಂದರ ಮೇಲೊಂದು ಕುಳಿತವು.

ಹೀಗೆ ಉಳಿದ ಒಂದು ಬಂಡೆಯೇ ಮಸ್ಕಿಗೆ ಕೀರ್ತಿ ತಂದಿತು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಇಲ್ಲಿ ಬ್ರಾಹ್ಮೀ ಲಿಪಿಯ ಬರಹವೊಂದನ್ನು ಕಂಡರು. ಅದು ಕ್ರಿ.ಪೂ. 3ನೆಯ ಶತಮಾನದ ಶಾಸನ. ಅಲ್ಲಿಯವರೆಗೆ ದೊರೆತಿದ್ದ ಇಂಥ ಶಾಸನಗಳಲ್ಲಿ ಅರಸನನ್ನು “ದೇವಾನಾಂಪ್ರಿಯ”, “ಪ್ರಿಯದರ್ಶಿ” ಎಂದಷ್ಟೇ ಕರೆದಿತ್ತು. “ಅಶೋಕ” ಎಂಬ ಹೆಸರು ಮೊದಲು ಸಿಕ್ಕಿದುದು ಮಸ್ಕಿಯ ಶಾಸನದಲ್ಲಿ. ಅದರಿಂದ ಆ ಅರಸನು ಅಶೋಕನೇ ಎಂಬ ಊಹೆಯು ದೃಢಪಟ್ಟಿತು.

ನೆತ್ತಿಯ ನೆರಳಿನಲ್ಲಿ ಬುತ್ತಿ ಬಿಚ್ಚುವಾಗ ಹುಡುಗನು ಚೂಪುಗಲ್ಲಿನಿಂದ ಬಂಡೆಯೊಂದರ ಮೇಲೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಕೆರೆಯತೊಡಗಿದ್ದನು. ನಾವು ಗದರಲಿಲ್ಲ. ಒಂದು ಹೆಸರು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಉಳಿದುದರಿಂದ ನಮಗೆ ಇತಿಹಾಸ ತಿಳಿಯಿತು. ಅದರ ಮೇಲೆ ಇನ್ನಾರೋ ತಮ್ಮ ಹೆಸರನ್ನು ಕೆರೆದಿದ್ದರೆ ಏನಾಗುತ್ತಿತ್ತೆಂದು ಕೇಳಿದೆವು. ಅವನು ತುಸು ಹೊತ್ತು ಯೋಚಿಸಿ ಕಲ್ಲನ್ನು ಕೆಳಗಿಟ್ಟನು.

ಗುಡ್ಡದ ಬಂಡೆ ಬರಿಯ ಕಲ್ಲಲ್ಲ. ಮಳೆ ಅದನ್ನು ರೂಪಿಸಲು ಲಕ್ಷಾಂತರ ವರ್ಷಗಳನ್ನು ತೆಗೆದುಕೊಂಡಿದೆ. ಅದನ್ನು ಸಿಡಿಸಿ ಜಲ್ಲಿ ಮಾಡಲು ಒಂದು ದಿನ ಸಾಕು. ನಿಮ್ಮ ಊರಿನ ಗುಡ್ಡವನ್ನೂ ಒಮ್ಮೆ ಹತ್ತಿರಿ. ಬಂಡೆಯ ಬಿರುಕನ್ನೂ ಅದರ ಬುಡದ ಮರಳನ್ನೂ ಕಣ್ಣಿಟ್ಟು ನೋಡಿರಿ. ಪೇರಿಸಿದವರಾರೆಂಬುದಕ್ಕೆ ಉತ್ತರ ಅಲ್ಲಿಯೇ ಬಿದ್ದಿರುತ್ತದೆ.