ಕಾಳಿನ ಕೋಣೆಗೆ ನೆಲದ ತೇವ ತಡೆಯುವ ಬಗೆ

ಬೀದರ್ ಜಿಲ್ಲೆಯ ರೈತರು ಚಳಿಗಾಲದಲ್ಲಿ ರಾಶಿಯಾದ ತೊಗರಿಯನ್ನೂ ಹಿಂಗಾರಿ ಜೋಳವನ್ನೂ ಮಳೆಗಾಲ ದಾಟುವವರೆಗೆ ಮನೆಯಲ್ಲಿ ಇಡುವುದುಂಟು. ಚೆನ್ನಾಗಿ ಒಣಗಿಸಿದ ಕಾಳಾದರೂ ಶ್ರಾವಣದ ಹೊತ್ತಿಗೆ ತಳದ ಚೀಲದಲ್ಲಿ ಬೂಷ್ಟು ಕಾಣಿಸಿಕೊಂಡರೆ ನೆಲವನ್ನು ಪರೀಕ್ಷಿಸಬೇಕು.

ತೇವ ಬರುವ ಎರಡು ದಾರಿ

ಭಾಲ್ಕಿ, ಔರಾದ ಭಾಗದ ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ಈ ನೀರು ಮೇಲೇರಿ ನೆಲವನ್ನು ಮುಟ್ಟುತ್ತದೆ. ಬೀದರ್ ನಗರದ ಸುತ್ತಲಿನ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಬಸಿಯುತ್ತದೆ. ಆದರೆ ಅಲ್ಲಿಯೂ ಮಳೆಗಾಲದ ತೇವದ ಗಾಳಿ ತಣ್ಣನೆಯ ಹಾಸುಗಲ್ಲಿಗೆ ತಗುಲಿ ಹನಿಗಟ್ಟಬಹುದು.

ಪರೀಕ್ಷೆ

ಮಳೆಗಾಲದಲ್ಲಿ ಎರಡು ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ನೆಲದ ಮೇಲೆ ಹಾಸಿ, ಅಂಚುಗಳನ್ನು ಅಂಟುಪಟ್ಟಿಯಿಂದ ಮುಚ್ಚಿ ಒಂದು ದಿನ ಬಿಡಬೇಕು. ಹಾಳೆಯ ಅಡಿಯಲ್ಲಿ ಹನಿ ಕಂಡರೆ ತೇವ ಮಣ್ಣಿನದು. ಮೇಲೆ ಕಂಡರೆ ಗಾಳಿಯದು.

ನಿವಾರಣೆ

1. ಹೊಸ ಕೋಣೆಯಾದರೆ ಎರೆಮಣ್ಣನ್ನು ತೆಗೆದು ಮೊರಂ ತುಂಬಿ ಗಟ್ಟಿಸಬೇಕು. ಎರೆಮಣ್ಣು ಉಬ್ಬಿ ಕುಗ್ಗುವುದರಿಂದ ಅದರ ಮೇಲಿನ ನೆಲ ಬಿರಿಯುತ್ತದೆ.

2. ಅದರ ಮೇಲೆ 15 ಸೆಂ.ಮೀ. ದಪ್ಪ ದಪ್ಪಜಲ್ಲಿ, ತೆಳುವಾಗಿ ಮರಳು, ಬಳಿಕ 700 ಗೇಜ್ ಪಾಲಿಥೀನ್ ಹಾಳೆ ಹಾಸಿ ಕಾಂಕ್ರೀಟ್ ಹಾಕಬೇಕು. ಹಾಳೆಗಳು ಒಂದರ ಮೇಲೊಂದು 15 ಸೆಂ.ಮೀ. ಬರಬೇಕು, ಅಂಚು ಗೋಡೆಗೆ ಏರಿರಬೇಕು.

3. ಹಳೆಯ ಕೋಣೆಯಲ್ಲಿ ನೆಲದ ಮೇಲೆ ಹಾಳೆ, ಅದರ ಮೇಲೆ ಮರದ ಹಲಗೆಯ ಅಟ್ಟಣಿಗೆ, ಮೇಲೆ ಒಣ ಹುಲ್ಲು ಅಥವಾ ಬಿದಿರಿನ ಚಾಪೆ, ಆಮೇಲೆ ಚೀಲ. ಈ ಕ್ರಮ ತಪ್ಪಬಾರದು. ಹಾಳೆಯಿಲ್ಲದೆ ನೆಲದ ಮೇಲೆಯೇ ಹುಲ್ಲು ಹಾಸಿದರೆ ಅದು ತೇವ ಹೀರಿ ತಾನೇ ಬೂಷ್ಟಿನ ಮನೆಯಾಗುತ್ತದೆ.

4. ಗೋಡೆಯಿಂದ ಒಂದೂವರೆ ಅಡಿ ದೂರ ಚೀಲ ಜೋಡಿಸಬೇಕು. ಮಳೆಯ ದಿನ ಕಿಟಕಿ ಮುಚ್ಚಿ, ಒಣ ಬಿಸಿಲಿನ ದಿನ ತೆರೆಯಬೇಕು. ಮನೆಯ ಸುತ್ತ ನೀರು ನಿಲ್ಲದಂತೆ ಕಾಲುವೆ ತೆಗೆಯಬೇಕು.

ಜೋಳವನ್ನು ಶೇ. 12, ತೊಗರಿ ಮತ್ತು ಸೋಯಾ ಅವರೆಯನ್ನು ಶೇ. 10ಕ್ಕಿಂತ ಹೆಚ್ಚು ತೇವಾಂಶವಿಲ್ಲದಂತೆ ಒಣಗಿಸಿಯೇ ಇಡಬೇಕು. ಹಸಿ ಕಾಳನ್ನು ಯಾವ ನೆಲವೂ ಕಾಯಲಾರದು.

ಎಚ್ಚರಿಕೆ

1995ರಲ್ಲಿ ದಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡವು. ಶಿಲೀಂಧ್ರದ ವಿಷ ಅದಕ್ಕೆ ಕಾರಣವೆಂದು ಕಂಡುಬಂತು. ಇಂತಹ ವಿಷ ತೊಳೆದರೆ, ಬೇಯಿಸಿದರೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಬೂಷ್ಟು ಹಿಡಿದ ಕಾಳನ್ನು ಒಳ್ಳೆಯ ಕಾಳಿಗೆ ಬೆರೆಸಬಾರದು. ಕೋಳಿಗಾಗಲಿ ದನಕ್ಕಾಗಲಿ ಹಾಕಬಾರದು. ಮಿರಗದ ಮಳೆಗೆ ಮುಂಚೆಯೇ ನೆಲ ಸರಿಪಡಿಸಿಕೊಂಡರೆ ಕಾಳೂ ಉಳಿಯುತ್ತದೆ, ಉಣ್ಣುವವರ ಆರೋಗ್ಯವೂ ಉಳಿಯುತ್ತದೆ.