ಬಾಯಲ್ಲಿರುವ ತುತ್ತು ಮುಗಿಯಲಿ

ಖಡಕ್ ಜೋಳದ ರೊಟ್ಟಿಯನ್ನು ಅಗಿಯದೆ ನುಂಗಲು ಯಾರಿಗೂ ಆಗದು. ಸಾರಿನಲ್ಲಿ ಕಲಸಿದ ಅನ್ನ ಹಾಗಲ್ಲ, ಹಲ್ಲಿಗೆ ಸಿಗುವ ಮೊದಲೇ ಗಂಟಲಿಗಿಳಿಯುತ್ತದೆ. ಹಾಗಾಗಿ ಅಗಿದು ಉಣ್ಣುವ ಅಭ್ಯಾಸವನ್ನು ಅನ್ನದಿಂದಲೇ ಶುರುಮಾಡಿ.

ಮೊದಲು ಸಣ್ಣ ತುತ್ತು ಬರಿ ಅನ್ನವನ್ನು ನಿಧಾನವಾಗಿ ಅಗಿಯುತ್ತಾ ಹೋಗಿ. ಸಪ್ಪೆ ಅನ್ನ ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತದೆ. ಲಾಲಾರಸದಲ್ಲಿರುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡುವುದರಿಂದ ಬರುವ ರುಚಿ ಅದು. ಜೀರ್ಣಕ್ರಿಯೆ ಬಾಯಲ್ಲೇ ಆರಂಭವಾಗುತ್ತದೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇನ್ನು ಕೈಯ ಸರದಿ. ಬಾಯಲ್ಲಿ ಒಂದು ತುತ್ತಿರುವಾಗಲೇ ನಮ್ಮ ಬೆರಳುಗಳು ಮುಂದಿನದನ್ನು ಕಲಸಿ ಸಿದ್ಧಮಾಡಿಕೊಂಡಿರುತ್ತವೆ. ಅವಸರ ಹುಟ್ಟುವುದೇ ಅಲ್ಲಿ. ನುಂಗಿ ಮುಗಿಯುವವರೆಗೆ ಬೆರಳು ತಟ್ಟೆಯ ಅಂಚಿನಲ್ಲಿರಲಿ. ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ. ಊಟದ ವೇಗ ತಾನಾಗಿ ಇಳಿಯುತ್ತದೆ. ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ಸರಿಯಾಗಿ ತಲುಪಲು ಸುಮಾರು 20 ನಿಮಿಷ ಬೇಕು. ಐದೇ ನಿಮಿಷದಲ್ಲಿ ಉಂಡೇಳುವವರು ಅದು ಬರುವ ಮೊದಲೇ ಎರಡನೇ ಸಲ ಬಡಿಸಿಕೊಂಡಿರುತ್ತಾರೆ.

ಎಷ್ಟು ಸಲ ಅಗಿಯಬೇಕೆಂದು ಎಣಿಸಬೇಡಿ. ಅಮೆರಿಕದ ಹೊರೇಸ್ ಫ್ಲೆಚರ್ ನೂರು ವರ್ಷಗಳ ಹಿಂದೆಯೇ ಆಹಾರ ನೀರಾಗುವವರೆಗೆ ಅಗಿಯಬೇಕೆಂದು ಪ್ರಚಾರ ಮಾಡಿ ಹೆಸರಾದರು. ಅಷ್ಟು ಕಟ್ಟುನಿಟ್ಟು ಊಟದ ಸುಖವನ್ನೇ ಕೆಡಿಸುತ್ತದೆ. ಬಾಳೆಹಣ್ಣಿಗೆ ಸಾಲುವಷ್ಟು ಅಗಿತ ಕಡಲೆಕಾಯಿಗೆ ಸಾಲದು. ನಾಲಿಗೆಗೆ ಗಟ್ಟಿ ಚೂರು ಸಿಗದಿದ್ದರೆ ನುಂಗಬಹುದು. ಅರ್ಧ ಅಗಿದದ್ದನ್ನು ನೀರು ಕುಡಿದು ಒಳಗೆ ತಳ್ಳಬೇಡಿ.

ರಾಗಿಮುದ್ದೆ ಉಣ್ಣುವವರು ಏನು ಮಾಡಬೇಕು? ಮುದ್ದೆ ನುಂಗುವುದು ರೂಢಿ, ಅದನ್ನು ಬಿಡಿಸುವ ಹಟ ಬೇಡ. ತುತ್ತು ಚಿಕ್ಕದಾಗಿರಲಿ, ಜತೆಗಿರುವ ಸೊಪ್ಪು, ಕಾಳು, ಮಾಂಸವನ್ನು ಮಾತ್ರ ಚೆನ್ನಾಗಿ ಅಗಿಯಿರಿ. ಊಟದ ಮೊದಲಿಗೇ ಕೋಸಂಬರಿ ಅಥವಾ ಹಸಿ ಸೌತೆಕಾಯಿ ತಿಂದರೆ ಬಾಯಿ ಅಗಿತಕ್ಕೆ ಹದವಾಗುತ್ತದೆ.

ಆರಂಭದಲ್ಲಿ ದಿನಕ್ಕೆ ಒಂದು ಊಟ ಸಾಕು. ರಾತ್ರಿಯದಾದರೆ ಒಳ್ಳೆಯದು, ಬಸ್ಸು ಹಿಡಿಯುವ ಗಡಿಬಿಡಿ ಇರುವುದಿಲ್ಲ. ಟಿವಿ, ಮೊಬೈಲ್ ದೂರವಿರಲಿ.

ಒಂದೇ ಬದಿಯಲ್ಲಿ ಅಗಿಯುತ್ತಿದ್ದೀರಾದರೆ ಇನ್ನೊಂದು ಬದಿಯ ಹಲ್ಲನ್ನು ದಂತವೈದ್ಯರಿಗೆ ತೋರಿಸಿ. ಮನೆಯ ಹಿರಿಯರಿಗೆ ನುಂಗುವಾಗ ಪದೇಪದೇ ಕೆಮ್ಮು ಬರುತ್ತಿದ್ದರೆ, ಆಹಾರ ಗಂಟಲಲ್ಲಿ ಸಿಕ್ಕಂತಾಗುತ್ತಿದ್ದರೆ, ನಿಧಾನವಾಗಿ ಉಣ್ಣಿ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.